ಕೆರೆಯ ದಂಡೆಗೆ ಬಾರದ ಕಾಯದೆ

ಈಚೆಗೆ ಒಂದು ರವಿವಾರ ಮುಂಜಾನೆ ನಾವು ಮಮದಾಪುರದ ಕೆರೆಯ ಏರಿಯ ಮೇಲೆ ನಿಂತಿರುವಾಗ ದೂರದ ಊರಿನಿಂದ ಒಂದು ಮೋಟಾರು ಬಂದು ನಿಂತಿತು. ಅದರೊಳಗಿಂದ ನಾಲ್ಕು ಜನ ತರುಣರು ಇಳಿದರು. ಗಾಳಿ ತುಂಬುವ ರಬ್ಬರಿನ ದೋಣಿ, ಮೀನಿನ ಗಾಳದ ಕೋಲುಗಳು, ಒಂದು ಗಾಳಿಬಂದೂಕು, ಇವು ಅವರ ಸರಂಜಾಮು. ತರುಣರು ಸುಶಿಕ್ಷಿತರೂ ಮರ್ಯಾದಸ್ಥರೂ ಆಗಿದ್ದರೆಂಬುದು ಅವರ ಮಾತಿನಿಂದಲೇ ತಿಳಿಯುತ್ತಿತ್ತು. ದಂಡೆಯಲ್ಲಿ ಕುಳಿತು ಬಲೆ ಹೊಲಿಯುತ್ತಿದ್ದ ಮುದುಕನೊಬ್ಬನನ್ನು ಕಂಡು, "ಮುತ್ಯಾ, ಇಲ್ಲಿ ದೋಣಿ ಬಿಡಾಕ ಯಾರ ಅಪ್ಪಣಿ ತಗೋಬೇಕ್ರಿ? ಗಾಳಾ ಹಾಕಬಹುದೇನ್ರಿ? ಒಂದೆರಡು ನೀರಕೋಳಿ ಹೊಡದರ ಯಾರರ ಏನರ ಅಂತಾರೇನು?" ಎಂದು ವಿಚಾರಿಸಿದರು. ಮುದುಕನು ಸೂಜಿಯನ್ನು ಕೆಳಗಿಡದೆ, "ತಮ್ಮಾ, ಅದೆಲ್ಲಾ ನನಗ ಗೊತ್ತಿಲ್ಲ. ನಿಮ್ಮ ದೋಣಿ ಹೊಕ್ಕು ಬಲಿ ಹರದರ ಹೊಲಿಯಾಂವ ನಾ. ಇಷ್ಟ ಗೊತ್ತು" ಎಂದನು.

ಮುದುಕನ ಈ ಮಾತಿನಲ್ಲಿ ಒಂದು ಖಟ್ಲೆಯ ಸಾರವೆಲ್ಲ ಅಡಗಿರುವದು. ಆ ತರುಣರು ಬಳಿಕ ನಮ್ಮ ಕಡೆಗೆ ತಿರುಗಿದರು. ವಕೀಲಿಯ ಕಸುಬಿನಲ್ಲಿ ಕೂದಲು ಹಣ್ಣಾಗತೊಡಗಿದ ನಾವು ಕೂಡ ಅವರ ಮೂರು ಪ್ರಶ್ನೆಗಳಿಗೆ ಒಂದೇ ಉಸಿರಿನಲ್ಲಿ ಉತ್ತರ ಕೊಡಲಾರದೆ ಹೋದೆವು. ಮೂರು ಪ್ರಶ್ನೆಗಳಿಗೆ ಮೂರು ಕಾಯದೆಗಳು, ಮೂರು ಇಲಾಖೆಗಳು. ಏರಿಯ ಮೇಲೆ ಅತ್ತಿತ್ತ ನೋಡಿದರೂ ಇವುಗಳ ಸುದ್ದಿಯನ್ನು ಹೇಳುವ ಒಂದು ಫಲಕವೂ ನಮ್ಮ ಕಣ್ಣಿಗೆ ಬೀಳಲಿಲ್ಲ. ಕಾಯದೆಯ ಅಜ್ಞಾನವು ಅಪರಾಧಕ್ಕೆ ಕ್ಷಮೆಯಲ್ಲವೆಂಬುದು ನ್ಯಾಯಾಲಯದ ಹಳೆಯ ಸೂತ್ರ. ಅದು ಸರಿಯಾದುದೇ. ಆದರೆ ಪ್ರಜೆಯು ಕಾಯದೆಯನ್ನು ಬಲ್ಲವನೆಂದು ಸರಕಾರವು ಹಿಡಿದುಕೊಂಡು ನಡೆಯಬೇಕಾದರೆ, ಅದನ್ನು ಅವನ ಕಣ್ಣೆದುರಿಗೆ, ಅವನ ಭಾಷೆಯಲ್ಲಿ ಇಡುವ ಹೊಣೆಯು ಸರಕಾರದ ಮೇಲೆ ಬೀಳುವದಿಲ್ಲವೆ? ಈ ವಾರ ನಾವು ವಾಚಕರ ಮುಂದೆ ಇಡುತ್ತಿರುವ ಪ್ರಶ್ನೆಯು ಇದೇ.

ಮಮದಾಪುರವು ಬಬಲೇಶ್ವರ ತಾಲೂಕಿಗೆ ಸೇರಿದ ಹಳ್ಳಿ. ಗೋಳಗುಮ್ಮಟದಲ್ಲಿ ಮಲಗಿರುವ ಮುಹಮ್ಮದ ಆದಿಲಶಾಹನ ಹೆಸರೇ ಜನರ ಬಾಯಲ್ಲಿ ಸವೆದು ಮಮದಾಪುರವಾಗಿ ನಿಂತಿದೆ. ೧೬೨೭ರಿಂದ ೧೬೫೬ರ ವರೆಗೆ ಆಳಿದ ಆ ಅರಸನ ಕಾಲದಲ್ಲಿಯೇ ಇಲ್ಲಿಯ ಕೆರೆಗಳು ಕಟ್ಟಲ್ಪಟ್ಟವು. ಬರಗಾಲದ ಸೀಮೆಯೆಂದು ಹೆಸರು ಹೊತ್ತ ವಿಜಯಪುರ ಜಿಲ್ಲೆಯಲ್ಲಿ ಈಚಿನ ವರ್ಷಗಳಲ್ಲಿ ಕೃಷ್ಣೆಯ ನೀರನ್ನು ಏತದಿಂದ ಎತ್ತಿ ಹಳೆಯ ಕೆರೆಗಳನ್ನು ತುಂಬಿಸುವ ಕಾರ್ಯವು ನಡೆದಿರುವದು ಎಲ್ಲರಿಗೂ ಸಂತೋಷದ ಸಂಗತಿ. ನೀರು ಬಂದಲ್ಲಿ ಮೀನು ಬಂತು. ಮೀನು ಬಂದಲ್ಲಿ ಹಕ್ಕಿ ಬಂತು. ಹಕ್ಕಿಯ ಹಿಂದೆ ಪ್ರವಾಸಿಕರು ಬಂದರು. ನೂರಾರು ಹರದಾರಿ ದೂರದ ಜನರು ನಮ್ಮ ಕೆರೆಯನ್ನು ನೋಡಲು ಬರುವದಾದರೆ ಅದು ಊರಿಗೆ ಭೂಷಣವೇ ಸರಿ. ಆದರೆ ಬಂದವರು ಏನು ಮಾಡಬಹುದು, ಏನು ಮಾಡಬಾರದು ಎಂಬುದು ಬಂದವರಿಗೂ ತಿಳಿಯದೆ, ಇದ್ದವರಿಗೂ ತಿಳಿಯದೆ ಹೋದರೆ, ಅದು ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬಂತಾಗುವದು.

ಆ ತರುಣರಿಗೆ ಅಂದು ಕೊಡಲಾರದ ಉತ್ತರವನ್ನು ಇಂದು ಕೊಡುವೆವು. ಮೊದಲು ಬಂದೂಕಿನ ಮಾತು. ಏಕೆಂದರೆ ಅದರ ಉತ್ತರವು ಎಲ್ಲಕ್ಕಿಂತ ಸರಳವಾಗಿದೆ.

ವಿನೋದಕ್ಕಾಗಿ ಆಡುವ ಶಿಕಾರಿಗೆ ಇಂದು ಭರತಖಂಡದಲ್ಲಿ ಪರವಾನಗಿಯೆಂಬುದೇ ಇಲ್ಲ. ಹಿಂದಿನ ಕಾಲದ ಸಂಗತಿ ಬೇರೆ. ಬ್ರಿಟಿಶ ಆಳಿಕೆಯಲ್ಲಿ ೧೯೧೨ರ ಕಾಯದೆಯು ಕೆಲವು ಪ್ರಾಣಿಪಕ್ಷಿಗಳನ್ನು ಕೆಲವು ತಿಂಗಳು ಮಾತ್ರ ಕಾಯುತ್ತಿತ್ತು. ಮೈಸೂರು ಸಂಸ್ಥಾನಕ್ಕೆ ೧೯೦೧ರ ಬೇರೊಂದು ಕಟ್ಟಳೆಯಿತ್ತು. ಮುಂಬಯಿ ರಾಜ್ಯವು ೧೯೫೧ರಲ್ಲಿ ತನ್ನದೇ ಆದ ಕಾಯದೆಯನ್ನು ಮಾಡಿಕೊಂಡಿತು. ಕನ್ನಡ ನಾಡು ಹರಿದು ಹಂಚಿಹೋಗಿದ್ದ ಆ ದಿನಗಳಲ್ಲಿ ಒಂದೇ ಭಾಷೆಯನ್ನಾಡುವ ಎರಡು ಊರುಗಳ ನಡುವೆ ಹಾರಿದ ಹಕ್ಕಿಗೆ ಒಂದು ದಂಡೆಯಲ್ಲಿ ಒಂದು ನ್ಯಾಯ, ಇನ್ನೊಂದು ದಂಡೆಯಲ್ಲಿ ಇನ್ನೊಂದು ನ್ಯಾಯ. ೧೯೫೬ರ ನವಂಬರ ೧ರಂದು ನಾಡು ಒಂದಾಯಿತು. ೧೯೭೨ರಲ್ಲಿ ವನ್ಯಜೀವಿ ಸಂರಕ್ಷಣೆಯ ಅಧಿನಿಯಮವು ದೇಶಕ್ಕೆಲ್ಲ ಒಂದಾಗಿ ಬಂದಿತು. ಅದರಲ್ಲಿಯೂ ಮೊದಲು ದೊಡ್ಡ ಬೇಟೆ, ಸಣ್ಣ ಬೇಟೆ, ಬಲೆ ಒಡ್ಡುವದು ಎಂದು ಬೇರೆ ಬೇರೆ ಪರವಾನಗಿಗಳಿಗೆ ಎಡೆಯಿತ್ತು. ೧೯೯೧ರ ತಿದ್ದುಪಡಿಯು ಆ ಬಾಗಿಲನ್ನು ಮುಚ್ಚಿತು. ಮನುಷ್ಯನ ಜೀವಕ್ಕೆ ಅಪಾಯಕಾರಿಯಾದ ಪ್ರಾಣಿ, ಶಾಸ್ತ್ರೀಯ ಸಂಶೋಧನೆ ಮೊದಲಾದ ಕೆಲವೇ ಕಾರಣಗಳಿಗೆ ಮೇಲಧಿಕಾರಿಗಳು ಬರಹದಲ್ಲಿ ಅಪ್ಪಣೆ ಕೊಡಬಹುದೇ ಹೊರತು ಪ್ರವಾಸಿಕನ ಚಪಲಕ್ಕೆ ಯಾರೂ ಅಪ್ಪಣೆ ಕೊಡುವಂತಿಲ್ಲ.

ಇಲ್ಲಿ ಅನೇಕರು ಎಡವುವ ಒಂದು ಕಲ್ಲು ಇದೆ. "ನಮ್ಮ ಹತ್ತಿರ ಬಂದೂಕಿನ ಲಾಯಸೆನ್ಸು ಇದೆಯಲ್ಲ" ಎಂದು ಅವರು ಹೇಳುವರು. ಆಯುಧದ ಪರವಾನಗಿಯು ಆಯುಧವನ್ನು ಇಟ್ಟುಕೊಳ್ಳುವದಕ್ಕೆ, ಜೀವ ತೆಗೆಯುವದಕ್ಕಲ್ಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೆಲವು ಬಗೆಯ ಬಂದೂಕುಗಳ ವಿಷಯದಲ್ಲಿ ಪರವಾನಗಿಯಿಂದಲೇ ವಿನಾಯಿತಿಯುಂಟು. ಆದರೂ ಅಲ್ಲಿಯ ಕಾಡಿನಲ್ಲಿ ಅವರು ಬೇಟೆಯಾಡುವಂತಿಲ್ಲ. ಗಾಳಿಬಂದೂಕಿನ ಮಾತೂ ಅದೇ. ಕೊಂದದ್ದು ಯಾವುದರಿಂದ ಎಂದು ಈ ಕಾಯದೆ ಕೇಳುವದಿಲ್ಲ. ಕೊಂದೆಯಾ ಎಂದು ಮಾತ್ರ ಕೇಳುವದು. ಇಷ್ಟೇ ಅಲ್ಲ, ಉರುಲು ಒಡ್ಡುವದು, ಅಟ್ಟುವದು, ವಿಷವಿಕ್ಕುವದು, ಇವುಗಳ ಪ್ರಯತ್ನ ಕೂಡ ಬೇಟೆಯೇ. ಹಕ್ಕಿಯ ತತ್ತಿಯನ್ನು ಒಡೆಯುವದು ಹಾಗಿರಲಿ, ಗೂಡನ್ನು ಕದಡಿದರೂ ಅದು ಕಾಯದೆಯ ದೃಷ್ಟಿಯಲ್ಲಿ ಬೇಟೆಯೇ ಆಗುವದು. ಚಿಗರಿ, ನವಿಲು ಮೊದಲಾದ ಮೊದಲನೆಯ ಅನುಸೂಚಿಯ ಜೀವಗಳನ್ನು ಕೊಂದವನಿಗೆ ೨೦೨೨ರ ತಿದ್ದುಪಡಿಯಾದ ಮೇಲೆ ೩ರಿಂದ ೭ ವರ್ಷಗಳ ಸೆರೆಮನೆ, ೨೫,೦೦೦ ರೂಪಾಯಿಗೆ ಕಡಿಮೆಯಿಲ್ಲದ ದಂಡ. ಅವನು ತಂದ ಮೋಟಾರು, ದೋಣಿ, ಬಂದೂಕುಗಳೂ ಜಪ್ತಿಗೆ ಒಳಗಾಗುವವು.

ಈ ಕಟ್ಟಳೆಯು ಪರಊರಿನವರಿಗೆ ಮಾತ್ರವೆಂದು ನಮ್ಮ ಹಳ್ಳಿಯ ಬಂಧುಗಳು ತಿಳಿಯಬಾರದು. ಯುಗಾದಿಯ ಹೊತ್ತಿಗೆ ಮೊಲದ ಬೇಟೆಗೆ ಹೋಗುವ ರೂಢಿಯು ನಮ್ಮ ನಾಡಿನ ಕೆಲವು ಕಡೆಗಳಲ್ಲಿ ಇನ್ನೂ ಉಳಿದಿದೆ. ರೂಢಿಯು ಹಳೆಯದೆಂಬ ಮಾತ್ರಕ್ಕೆ ಅದು ನಿರ್ದೋಷವಾಗುವದಿಲ್ಲ. ಮೊಲಕ್ಕೆ ಉರುಲು ಹಾಕಿದ ಬಡವನು ಸಿಕ್ಕಿಬಿದ್ದು, ಮೋಟಾರಿನಲ್ಲಿ ಬಂದ ಧನಿಕನು ಪಾರಾಗುವದೇ ಆದರೆ ಅದು ಅನ್ಯಾಯ. ಆದರೆ ಆ ಅನ್ಯಾಯಕ್ಕೆ ಮದ್ದು ಇಬ್ಬರನ್ನೂ ಬಿಡುವದಲ್ಲ, ಇಬ್ಬರನ್ನೂ ಸಮನಾಗಿ ತಡೆಯುವದು.

ಇನ್ನು ಮೀನಿನ ಮಾತು. ಇಲ್ಲಿ ಕಾಯದೆಯು "ಇಲ್ಲ" ಎನ್ನುವದಿಲ್ಲ. "ಯಾರದು ಎಂದು ಕೇಳಿ ಹಿಡಿ" ಎನ್ನುವದು. ಕೆರೆಯ ಮೀನು ದಾರಿಯಲ್ಲಿ ಬಿದ್ದ ಸ್ವತ್ತಲ್ಲ. ಸರಕಾರದ ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆಗೆ ಕೊಡುವ ಪದ್ಧತಿಯಿದೆ. ಅನೇಕ ಕಡೆ ಅದನ್ನು ಮೀನುಗಾರರ ಸಹಕಾರಿ ಸಂಘಗಳು ಪಡೆದಿರುತ್ತವೆ. ಅವರು ಹಣ ತೆತ್ತು, ಕಟ್ಲಾ, ರೋಹು, ಮೃಗಾಲ ಮರಿಗಳನ್ನು ತಂದು ಬಿಟ್ಟು, ಅವು ಬೆಳೆಯುವ ವರೆಗೆ ಕಾಯುವರು. ಪ್ರವಾಸಿಕನ ಗಾಳಕ್ಕೆ ಸಿಕ್ಕ ಒಂದೊಂದು ಮೀನೂ ಯಾವನೋ ಒಬ್ಬ ಅಂಬಿಗನ ಹೊಲದ ತೆನೆ. ಹೊಲದ ಬದುವಿನಲ್ಲಿ ನಿಂತು ಒಂದು ಜೋಳದ ತೆನೆ ಮುರಿದುಕೊಳ್ಳುವಾಗ ನಾವು "ಗೌಡ್ರ, ಒಂದು ತಗೊಳ್ಳಲೇನ್ರಿ" ಎಂದು ಕೇಳುವೆವಲ್ಲ. ಕೆರೆಯಲ್ಲಿ ಮಾತ್ರ ಕೇಳದೆ ಏಕೆ ಕೈ ಹಾಕಬೇಕು?

ಮೀನುಗಾರಿಕೆಯು ರಾಜ್ಯಗಳ ಅಧಿಕಾರಕ್ಕೆ ಸೇರಿದ ವಿಷಯವೆಂಬುದನ್ನು ಗಡಿಭಾಗದ ವಾಚಕರು ವಿಶೇಷವಾಗಿ ಗಮನಿಸಬೇಕು. ಕರ್ನಾಟಕಕ್ಕೆ ೧೯೯೬ರ ಒಳನಾಡು ಮೀನುಗಾರಿಕೆಯ ಅಧಿನಿಯಮವಿದೆ. ಮಹಾರಾಷ್ಟ್ರಕ್ಕೆ ೧೯೬೦ರ ಬೇರೆ ಕಾಯದೆಯಿದೆ. ಜತ್ತದಿಂದಲೋ ಅಕ್ಕಲಕೋಟೆಯಿಂದಲೋ ಬರುವ ನಮ್ಮ ಕನ್ನಡ ಸೋದರನು ಭಾಷೆಯಲ್ಲಿ ಪರಕೀಯನಲ್ಲ. ಮಮದಾಪುರದ ದಂಡೆಯಲ್ಲಿ ಅವನು ಮನೆಯವನೇ. ಆದರೆ ಆಚೆಯಲ್ಲಿ ಪಡೆದ ಮೀನಿನ ಚೀಟಿಯು ಈಚೆಯಲ್ಲಿ ನಡೆಯುವದಿಲ್ಲ. ಈಚೆಯದು ಆಚೆ ನಡೆಯುವದಿಲ್ಲ. ಸಿಡಿಮದ್ದನ್ನೂ ವಿಷವನ್ನೂ ನೀರಿಗೆ ಹಾಕುವದು ಮಾತ್ರ ೧೮೯೭ರ ಕಾಯದೆಯ ಕಾಲದಿಂದಲೂ ಅಪರಾಧವೇ. ಆ ಕ್ರೌರ್ಯದ ಫಲವನ್ನು ನಾಡು ಕಂಡಿದೆ. ದಕ್ಷಿಣ ಕನ್ನಡದ ಶಿಶಿಲದಲ್ಲಿ ದೇವರ ಮೀನುಗಳೆಂದು ಜನರು ಅಕ್ಕಿ ಹಾಕಿ ಸಾಕಿದ ಮೀನುಗಳಿಗೆ ೧೯೯೬ರಲ್ಲಿ ದುರುಳರು ವಿಷವಿಕ್ಕಿದರು. ಸತ್ತ ಮೀನುಗಳ ನೆನಪಿಗಾಗಿ ಅಲ್ಲಿ ಸ್ಮಾರಕವನ್ನೇ ನಿಲ್ಲಿಸಬೇಕಾಯಿತು.

ಹಿಡಿದು ಮತ್ತೆ ನೀರಿಗೆ ಬಿಡುವ ಗಾಳದ ವಿನೋದವು ನಮ್ಮ ನಾಡಿಗೆ ಹೊಸದಲ್ಲ. ಕಾವೇರಿಯ ಭೀಮೇಶ್ವರಿಯಲ್ಲಿ ಬಿಳಿಮೀನನ್ನು ಹಿಡಿಯಲು ದೇಶವಿದೇಶಗಳ ಜನರು ಬರುತ್ತಿದ್ದರು. ಆ ಹೊಳೆಯ ಭಾಗವು ಅಭಯಾರಣ್ಯದೊಳಗೆ ಇದ್ದುದರಿಂದ ೨೦೧೦ರ ದಶಕದ ಮೊದಲ ವರ್ಷಗಳಲ್ಲಿ ಆ ಆಟವು ನಿಂತಿತು. ಕಾವೇರಿಯ ಆ ಡುಬ್ಬದ ಬಿಳಿಮೀನು ಅಳಿವಿನ ಅಂಚಿಗೆ ಬಂದಿದೆಯೆಂದು ೨೦೧೮ರಲ್ಲಿ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಸಾರಲಾಯಿತು. ಗಾಳದವರು ಹೋದ ಮೇಲೆ ಹೊಳೆಯನ್ನು ಕಾಯುತ್ತಿದ್ದ ಹಳ್ಳಿಯ ಕಣ್ಣುಗಳೂ ಹೋದವೆಂದು ವಾದಿಸುವವರಿದ್ದಾರೆ. ವನ್ಯಧಾಮದಲ್ಲಿ ವಿನೋದಕ್ಕೆ ಎಡೆಯಿರಬಾರದೆಂಬುದು ಎದುರು ಪಕ್ಷ. ಎರಡು ಪಕ್ಷಗಳಿಂದಲೂ ಒಂದು ಪಾಠವನ್ನು ತೆಗೆದುಕೊಳ್ಳಬಹುದು. ನೀರಿನ ಬದಿಯಲ್ಲಿ ಬದುಕುವವರಿಗೆ ಆ ನೀರಿನಿಂದ ನ್ಯಾಯವಾದ ಅನ್ನ ದೊರೆಯುತ್ತಿದ್ದರೆ ಅವರೇ ಅದರ ಕಾವಲುಗಾರರು. ಅವರ ಅನ್ನಕ್ಕೆ ಕಲ್ಲು ಬಿದ್ದರೆ ಸಾವಿರ ಪೋಲೀಸರೂ ಸಾಲರು.

ಮೂರನೆಯದು ದೋಣಿ. ದೋಣಿಯ ವಿಷಯದಲ್ಲಿ ಕಾಯದೆಯು ಅಪ್ಪಣೆ ಕೊಡುವದು. ಆದರೆ ಹೊಣೆಯನ್ನೂ ಹೊರಿಸುವದು. ೧೯೧೭ರ ಹಳೆಯ ಕಾಯದೆಯು ಉಗಿಹಡಗುಗಳಿಗಾಗಿ ಹುಟ್ಟಿದ್ದು. ಅದರ ಸ್ಥಾನಕ್ಕೆ ಬಂದ ೨೦೨೧ರ ಒಳನಾಡು ಹಡಗುಗಳ ಅಧಿನಿಯಮದ ಪ್ರಕಾರ ಯಂತ್ರದ ದೋಣಿಗೆ ತಪಾಸಣೆಯ ಪತ್ರ, ನೋಂದಣಿ, ವಿಮೆ ಇವೆಲ್ಲ ಬೇಕು. ಒಂದು ರಾಜ್ಯದಲ್ಲಿ ಪಡೆದ ಈ ಪತ್ರಗಳು ಇನ್ನೊಂದರಲ್ಲಿಯೂ ನಡೆಯುವವೆಂಬುದು ಈ ಹೊಸ ಕಾಯದೆಯ ಒಳ್ಳೆಯ ಗುಣ. ಯಂತ್ರವಿಲ್ಲದ ದೋಣಿ, ತೆಪ್ಪ, ಹರಿಗೋಲುಗಳ ದಾಖಲೆಯನ್ನು ಜಿಲ್ಲೆ, ತಾಲೂಕು, ಗ್ರಾಮಗಳ ಸ್ಥಳೀಯ ಸಂಸ್ಥೆಗಳಿಗೆ ವಹಿಸಿಕೊಡಲು ಅದರಲ್ಲಿಯೇ ಎಡೆಯಿದೆ.

ಇದು ಬರಿಯ ಕಾಗದದ ಮಾತೆಂದು ನಗುವವರು ಕೆಳಗಿನ ದಿನಗಳನ್ನು ನೆನೆಯಬೇಕು. ೨೦೦೯ರ ಸಪ್ಟಂಬರ ೩೦ರಂದು ಕೇರಳದ ತೇಕಡಿಯ ಸರೋವರದಲ್ಲಿ ಪ್ರವಾಸಿಕರ ದೋಣಿ ಮಗುಚಿ ೪೫ ಜನರು ಸತ್ತರು. ೨೦೧೯ರ ಜನವರಿ ೨೧ರಂದು ನಮ್ಮ ಕಾರವಾರದ ಬಳಿ ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿಯು ಮಗುಚಿ ೧೬ ಜನರು ಮಡಿದರು. ಅದರಲ್ಲಿ ಎಳೆಯ ಮಕ್ಕಳೂ ಇದ್ದರು. ೨೦೨೩ರ ಮೇ ೭ರಂದು ಕೇರಳದ ತಾನೂರಿನಲ್ಲಿ ೨೨ ಜನ. ಪ್ರತಿ ಸಾರೆಯೂ ಕಾಯದೆಯು ಹೆಣಗಳನ್ನು ಎಣಿಸಿದ ಮೇಲೆ ದಂಡೆಗೆ ಬರುವದು. ಮೊದಲೇ ಬಂದು ನಿಂತು "ಇಷ್ಟೇ ಜನರು ಹತ್ತಿರಿ, ತೇಲುವ ಅಂಗಿಯನ್ನು ತೊಟ್ಟುಕೊಳ್ಳಿರಿ" ಎಂದು ಹೇಳಿದ್ದರೆ ಎಷ್ಟು ಮನೆಗಳ ದೀಪ ಉಳಿಯುತ್ತಿತ್ತು!

ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳತಕ್ಕದ್ದು. ದೋಣಿಯು ಬಂದೂಕಿಗಿಂತ ಸಾಧುವಾದ ವಸ್ತುವೆಂದು ತೋರುವದು. ಆದರೆ ಚಳಿಗಾಲದಲ್ಲಿ ನಮ್ಮ ಬಯಲುಸೀಮೆಯ ಕೆರೆಗಳಿಗೆ ಹಕ್ಕಿಗಳು ಎಲ್ಲಿಂದ ಬರುವವೆಂದು ಬಲ್ಲಿರಾ? ಗದಗ ಜಿಲ್ಲೆಯ ಮಾಗಡಿಯ ಕೆರೆಗೆ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯದ ನೆತ್ತಿಯನ್ನು ದಾಟಿ ಬಂದಿಳಿಯುವವು. ಆ ಕೆರೆಯು ೨೦೨೪ರಲ್ಲಿ ರಾಮಸರ ಪಟ್ಟಿಯೆಂಬ ಜಗತ್ತಿನ ಮಾನ್ಯ ಜಲಾಶಯಗಳ ಸಾಲಿಗೆ ಸೇರಿತು. ಸಾವಿರಾರು ಹರದಾರಿ ಹಾರಿ ಬಂದ ಅತಿಥಿಯ ತಲೆಯ ಮೇಲೆ ನಾವು ಯಂತ್ರದ ದೋಣಿಯನ್ನು ಗರಗರನೆ ಓಡಿಸಿದರೆ ಅದು ಯಾವ ಸಂಸ್ಕೃತಿ? ಗೂಡು ಕಟ್ಟಿದ ಹಕ್ಕಿಯ ನಡುವೆ ನುಗ್ಗಿದ ದೋಣಿಯು ಕಾಯದೆಯ ಕಣ್ಣಿನಲ್ಲಿ ಬಂದೂಕಿನ ಸಾಲಿಗೇ ಸೇರಬಹುದೆಂಬುದನ್ನು ಮೇಲೆ ಹೇಳಿದ್ದೇವೆ. ಇದಕ್ಕೆ ದಾರಿಯಿಲ್ಲವೆಂದಲ್ಲ. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ಸಲಹೆಯ ಮೇರೆಗೆ ೧೯೪೦ರಲ್ಲಿ ರಕ್ಷಿತವಾದ ರಂಗನತಿಟ್ಟಿನಲ್ಲಿ ಹುಟ್ಟು ಹಾಕುವ ದೋಣಿಗಳಲ್ಲಿ ಜನರನ್ನು ಕರೆದೊಯ್ಯುವರು. ಅಂಬಿಗನೇ ಹಕ್ಕಿಗಳ ಹೆಸರು ಹೇಳುವನು. ಜನರಿಗೆ ನೋಟವೂ ದೊರೆಯಿತು, ಹಕ್ಕಿಗೆ ನೆಮ್ಮದಿಯೂ ಉಳಿಯಿತು, ಅಂಬಿಗನಿಗೆ ಸಂಬಳವೂ ಬಂತು.

ಹೀಗೆ ಉತ್ತರಗಳು ಮೂರು: ಬಂದೂಕಿಗೆ ಇಲ್ಲ, ಗಾಳಕ್ಕೆ ಕೇಳಿ, ದೋಣಿಗೆ ಹೊಣೆ ಹೊತ್ತು. ಇಷ್ಟು ಸರಳವಾದುದನ್ನು ತಿಳಿಯಲು ಒಬ್ಬ ಪ್ರವಾಸಿಕನು ಅರಣ್ಯ ಇಲಾಖೆ, ಮೀನುಗಾರಿಕೆಯ ಇಲಾಖೆ, ದೋಣಿಗಳ ನೋಂದಣಿಯ ಅಧಿಕಾರಿ ಎಂದು ಮೂರು ಬಾಗಿಲುಗಳನ್ನು ತಟ್ಟಬೇಕೆ? ರವಿವಾರ ಬಂದವನಿಗೆ ಸೋಮವಾರ ತೆರೆಯುವ ಕಚೇರಿಯಿಂದ ಏನು ಪ್ರಯೋಜನ? ೧೯೬೩ರ ಕಾಯದೆಯಿಂದ ಕನ್ನಡವು ಈ ರಾಜ್ಯದ ಆಡಳಿತ ಭಾಷೆಯಾಗಿದೆ. ನಾಡು ಒಂದಾಗಲೆಂದು ಹೋರಾಡಿದ ಹಿರಿಯರು ನಕಾಶೆಯ ಗೆರೆಗಾಗಿ ಮಾತ್ರ ಹೋರಾಡಲಿಲ್ಲ. ಸರಕಾರದ ಮಾತು ಸಾಮಾನ್ಯನ ಕಿವಿಗೆ ಅವನ ಮಾತಿನಲ್ಲಿಯೇ ಬೀಳಲೆಂಬುದು ಅವರ ಹಂಬಲವಾಗಿತ್ತು. ಬಲೆ ಹೊಲಿಯುವ ಮುದುಕನಿಗೆ ತನ್ನ ಹಕ್ಕು ಯಾವ ಕಲಮಿನಲ್ಲಿದೆಯೆಂದು ತಿಳಿಯದಿರುವ ವರೆಗೆ ಆ ಹಂಬಲವು ಪೂರ್ತಿಯಾಯಿತೆಂದು ಹೇಳಲು ನಮಗೆ ಬಾಯಿ ಬರುವದಿಲ್ಲ.

ಆದುದರಿಂದ ನಾವು ಸರಕಾರದವರಲ್ಲಿಯೂ ಜಿಲ್ಲೆಯ ಅಧಿಕಾರಿಗಳಲ್ಲಿಯೂ ಗ್ರಾಮ ಪಂಚಾಯತಿಗಳಲ್ಲಿಯೂ ಕೆಲವು ಸೂಚನೆಗಳನ್ನು ಮಾಡುವೆವು. ಪ್ರವಾಸಿಕರು ಬರುವ ಪ್ರತಿಯೊಂದು ಕೆರೆಯ ಏರಿಯ ಮೇಲೆ ಮೂರು ಕಾಯದೆಗಳ ಸಾರವನ್ನು ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆಯಿಸಿ ನಿಲ್ಲಿಸಬೇಕು. ಬರುವವರ ಅನುಕೂಲಕ್ಕಾಗಿ ಅದರ ಕೆಳಗೆ ಮರಾಠಿ, ಹಿಂದಿ, ಇಂಗ್ಲಿಷುಗಳೂ ಇರಲಿ. ಗಾಳದ ಚೀಟಿ, ದೋಣಿಯ ಚೀಟಿ ಎರಡೂ ಊರಿನ ಪಂಚಾಯತಿಯಲ್ಲಿ ಒಂದೇ ಕಿಡಕಿಯಲ್ಲಿ, ರಜೆಯ ದಿನವೂ ದೊರೆಯುವಂತೆ ಇಲಾಖೆಗಳು ತಮ್ಮತಮ್ಮೊಳಗೆ ಏರ್ಪಾಡು ಮಾಡಿಕೊಳ್ಳಬೇಕು. ಗಾಳದ ಚೀಟಿಗೆ ಗುತ್ತಿಗೆ ಹಿಡಿದ ಮೀನುಗಾರರ ಒಪ್ಪಿಗೆ ಬೇಕು, ಅದರ ಹಣದಲ್ಲಿ ಅವರಿಗೆ ಪಾಲೂ ಸಲ್ಲಬೇಕು. ಬಲೆ ಹರಿದರೆ ಹರಿದವನೇ ತುಂಬಿಕೊಡತಕ್ಕದ್ದೆಂದು ಚೀಟಿಯಲ್ಲಿಯೇ ಬರೆದಿರಬೇಕು. ಹಕ್ಕಿಗಳು ನೆಲಸುವ ಭಾಗವನ್ನು ತೇಲುಬುರುಡೆಗಳಿಂದ ಬೇರ್ಪಡಿಸಿ, ಅಲ್ಲಿಗೆ ಯಾವ ದೋಣಿಯೂ ಹೋಗದಂತೆ ಮಾಡಬೇಕು. ಯಂತ್ರದ ದೋಣಿಯ ಬದಲು ಊರಿನ ಅಂಬಿಗರ ಹುಟ್ಟಿಗೆ ಕೆಲಸ ಕೊಡಬೇಕು. ಇವುಗಳಲ್ಲಿ ಯಾವುದಕ್ಕೂ ಹೊಸ ಕಾಯದೆ ಬೇಕಿಲ್ಲ. ಇದ್ದ ಕಾಯದೆಗೆ ಕಾಲು ಕೊಟ್ಟು ಕೆರೆಯ ವರೆಗೆ ನಡೆಯಿಸಿಕೊಂಡು ಬಂದರೆ ಸಾಕು.

ಕೆರೆಯನ್ನೇ ಮುಚ್ಚಿ ಯಾರನ್ನೂ ಬಿಡಬಾರದೆಂದು ಕೆಲವರು ಹೇಳುವರು. ಎಲ್ಲವನ್ನೂ ಬಿಟ್ಟುಕೊಟ್ಟರೆ ಊರಿಗೆ ಹಣ ಬರುವದೆಂದು ಮತ್ತೆ ಕೆಲವರು ಹೇಳುವರು. ಎರಡೂ ಅತಿಯ ಮಾತುಗಳು. ಮುಚ್ಚಿದ ಕೆರೆಯನ್ನು ಪ್ರೀತಿಸುವವರಿರುವದಿಲ್ಲ. ಬಿಟ್ಟುಕೊಟ್ಟ ಕೆರೆಯು ಹತ್ತು ವರ್ಷ ಉಳಿಯುವದಿಲ್ಲ. ಪರವಾನಗಿಯೆಂಬುದು ಹಣ ಕೀಳುವ ಚೀಟಿಯಲ್ಲ, ತಡೆಯೊಡ್ಡುವ ಕೋಲೂ ಅಲ್ಲ. ಬಂದವನೂ ಇದ್ದವನೂ ಪರಸ್ಪರ ಕೊಡುವ ವಚನ ಅದು.

ಆ ದಿನ ತರುಣರು ನಮ್ಮ ಅರೆಬರೆ ಉತ್ತರವನ್ನು ಕೇಳಿ ಬಂದೂಕನ್ನು ಮೋಟಾರಿನೊಳಗೆ ಹಾಕಿ ಬೀಗವಿಕ್ಕಿದರು. ರಬ್ಬರಿನ ದೋಣಿಯನ್ನು ಬಿಚ್ಚಲಿಲ್ಲ. ಮುದುಕನ ಬದಿಗೆ ಕುಳಿತು ಮಧ್ಯಾಹ್ನದ ವರೆಗೆ ಅವನಿಂದ ಮೀನುಗಳ ಹೆಸರು ಕೇಳುತ್ತ ಕಾಲ ಕಳೆದರು. ಹೋಗುವಾಗ ಅವನಿಂದಲೇ ನಾಲ್ಕು ಮೀನು ಕೊಂಡುಕೊಂಡರು. ಹೇಳುವವರಿದ್ದರೆ ಕೇಳುವವರು ನಮ್ಮಲ್ಲಿ ಇನ್ನೂ ಇದ್ದಾರೆಂಬುದಕ್ಕೆ ಇದು ಸಾಕ್ಷಿ. ಆದರೆ ಪ್ರತಿ ರವಿವಾರ ಏರಿಯ ಮೇಲೆ ಒಬ್ಬ ವಕೀಲನು ನಿಂತಿರುವದಿಲ್ಲ. ಅಲ್ಲಿ ನಿಲ್ಲಬೇಕಾದುದು ಒಂದು ಫಲಕ. ಅದು ಕನ್ನಡದಲ್ಲಿರಲಿ, ಬರುವ ಚಳಿಗಾಲದ ಹಕ್ಕಿಗಳು ಬಂದಿಳಿಯುವ ಮೊದಲೇ ನಿಲ್ಲಲಿ.